ಮನೆಯ ಕರೆಂಟು, ಮನುಷ್ಯನ ಹೃದಯ



ವಿಜ್ಞಾನದ ಒಂದು ವಿಷಯವನ್ನು ಎಲ್ಲರಿಗೂ ತಿಳಿಯುವ ಹಾಗೆ ಹೇಳಬೇಕು ಎಂಬುದು ಈ ದತ್ತಿ ಉಪನ್ಯಾಸದ ಆಶಯ. ನಾನು ನಿಮ್ಮ ಮನೆಯ ಮೀಟರ್ ಬೋರ್ಡಿನ ಬಗ್ಗೆ ಮಾತಾಡಲು ಬಂದಿದ್ದೇನೆ. ಕರೆಂಟು ಹೊಡೆದು ನಮ್ಮ ದೇಶದಲ್ಲಿ ವರ್ಷಕ್ಕೆ 10 ಸಾವಿರಕ್ಕೂ ಹೆಚ್ಚು ಜನ ಸಾಯುತ್ತಿದ್ದಾರೆ ಎಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ವರದಿಗಳು ವರ್ಷವರ್ಷವೂ ಹೇಳುತ್ತಿವೆ. ಒಂದು ದೊಡ್ಡ ಹೋಬಳಿಯ ಊರು ಪ್ರತಿವರ್ಷ ಖಾಲಿಯಾದಷ್ಟು ಜನ. ಇದಕ್ಕಿಂತ ತುರ್ತಾದ ವಿಜ್ಞಾನದ ವಿಷಯ ನನಗೆ ಹೊಳೆಯಲಿಲ್ಲ.

ಮಳೆಗಾಲ ಬಂತೆಂದರೆ ನಮ್ಮ ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಒಂದೇ ತರಹದ ಸುದ್ದಿ ಮತ್ತೆ ಮತ್ತೆ ಬರುತ್ತದೆ. ಹಿತ್ತಲಿನಲ್ಲಿ ಬಟ್ಟೆ ಒಣಹಾಕಲು ಕಬ್ಬಿಣದ ತಂತಿ ಕಟ್ಟಿರುತ್ತಾರೆ. ಅದರ ಒಂದು ತುದಿ ಸರ್ವಿಸ್ ವೈರ್ ಇಳಿದುಬರುವ ಪೈಪಿಗೆ ಬಿಗಿದಿರುತ್ತದೆ, ಇಲ್ಲವೆ ತಗಡಿನ ಚಾವಣಿಯ ಕೊಂಡಿಗೆ. ಬಿಸಿಲಿಗೆ ಒಣಗಿ ಬಿರಿದ ವೈರಿನ ಹೊದಿಕೆ ಎಲ್ಲೋ ಒಂದು ಕಡೆ ಲೋಹಕ್ಕೆ ತಾಗುತ್ತಿರುತ್ತದೆ. ಬೇಸಿಗೆಯಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಮೊದಲ ಮಳೆಗೆ ನೆಲ ನೆನೆದ ಮೇಲೆ ಒದ್ದೆ ಸೀರೆ ಹರವಲು ಹೋದ ತಾಯಿ ತಂತಿಗೆ ಅಂಟಿಕೊಳ್ಳುತ್ತಾಳೆ. ಓಡಿಬಂದ ಗಂಡ ತೋಳು ಹಿಡಿದು ಎಳೆಯುತ್ತಾನೆ, ಅವನೂ ಅಲ್ಲೇ ನಿಲ್ಲುತ್ತಾನೆ. ಅಪ್ಪ ಅಮ್ಮನನ್ನು ಬಿಡಿಸಲು ಮಗ ಬರುತ್ತಾನೆ. ಮೇನ್ ಸ್ವಿಚ್ ಹತ್ತು ಹೆಜ್ಜೆ ಆಚೆ ಗೋಡೆಯ ಮೇಲೇ ಇರುತ್ತದೆ. ಪೊಲೀಸರು ‘ಆಕಸ್ಮಿಕ’ ಎಂದು ಬರೆಯುತ್ತಾರೆ, ಊರವರು ‘ಗ್ರಹಚಾರ’ ಎನ್ನುತ್ತಾರೆ. ಎರಡು ಮಾತನ್ನೂ ನಾನು ಒಪ್ಪುವುದಿಲ್ಲ. ಆ ಮೂವರ ಮೈಯಲ್ಲಿ ಹರಿದ ಕರೆಂಟು ಎಷ್ಟೆಂದು ಕಾಗದದ ಮೇಲೆ ಲೆಕ್ಕ ಹಾಕಬಹುದು. ಲೆಕ್ಕಕ್ಕೆ ಸಿಗುವುದನ್ನು ತಡೆಯಲೂಬಹುದು.

ಲೆಕ್ಕ ಶುರುವಾಗುವುದು ಊರಾಚೆಯ ಟಿಸಿಯಿಂದ. ಟ್ರಾನ್ಸ್‌ಫಾರ್ಮರ್ ಕಂಬವನ್ನು ನಾವೆಲ್ಲ ಟಿಸಿ ಅಂತಲೇ ಕರೆಯುತ್ತೇವೆ. ಅಲ್ಲಿಂದ ಮನೆಗೆ ಎರಡು ತಂತಿ ಬರುತ್ತವೆ, ಫೇಸ್ ಮತ್ತು ನ್ಯೂಟ್ರಲ್. ಎರಡರ ನಡುವೆ 230 ವೋಲ್ಟ್. ಕರೆಂಟಿನ ನಿಯಮ ಒಂದೇ: ಹೊರಟಲ್ಲಿಗೆ ಮರಳಲು ದಾರಿ ಇದ್ದರೆ ಮಾತ್ರ ಅದು ಹರಿಯುತ್ತದೆ. ಫೇಸಿನಲ್ಲಿ ಬಂದು, ಬಲ್ಬನ್ನೋ ಮಿಕ್ಸಿಯನ್ನೋ ಹಾದು, ನ್ಯೂಟ್ರಲ್‌ನಲ್ಲಿ ಟಿಸಿಗೆ ಮರಳುತ್ತದೆ. ಈ ಸುತ್ತು ಪೂರ್ಣವಾದರೆ ಅದೇ ಸರ್ಕ್ಯೂಟ್.

ಇಲ್ಲಿ ಬಹಳ ಜನರಿಗೆ ಗೊತ್ತಿರದ ಒಂದು ಸಂಗತಿ ಇದೆ. ಟಿಸಿಯ ಬುಡದಲ್ಲಿ ನ್ಯೂಟ್ರಲ್ಲನ್ನು ನೆಲಕ್ಕೆ ಜೋಡಿಸಿರುತ್ತಾರೆ. ಸಿಡಿಲು ಬಡಿದರೆ, ಮೇಲಿನ 11 ಸಾವಿರ ವೋಲ್ಟಿನ ತಂತಿ ಕೆಳಗಿನದಕ್ಕೆ ತಗುಲಿದರೆ ಮನೆಗಳು ಉಳಿಯಲೆಂದು ಮಾಡಿದ ವ್ಯವಸ್ಥೆ ಅದು, ಬೇಕೇಬೇಕು. ಆದರೆ ಅದರಿಂದ ನಾವು ನಿಂತ ನೆಲವೇ ಟಿಸಿಗೆ ಮರಳುವ ದಾರಿಯಾಗಿಬಿಟ್ಟಿದೆ. ಹಾಗಾಗಿ ಶಾಕ್ ಹೊಡೆಯಲು ಎರಡು ತಂತಿಯನ್ನೂ ಮುಟ್ಟಬೇಕಾಗಿಲ್ಲ. ಬರಿಗಾಲಿನಲ್ಲಿ ನಿಂತು ಫೇಸ್ ಒಂದನ್ನು ಮುಟ್ಟಿದರೆ ಸಾಕು, ಕೈಯಿಂದ ಎದೆಯ ಮೂಲಕ ಕಾಲಿಗೆ, ಕಾಲಿನಿಂದ ನೆಲಕ್ಕೆ, ನೆಲದಿಂದ ಟಿಸಿಗೆ ಸುತ್ತು ಪೂರ್ಣವಾಗುತ್ತದೆ. ತಂತಿಯ ಮೇಲೆ ಕೂತ ಕಾಗೆಗೆ ಏನೂ ಆಗದಿರುವುದು ಅದರ ಎರಡೂ ಕಾಲು ಒಂದೇ ತಂತಿಯ ಮೇಲಿರುವುದರಿಂದ. ಅದೇ ಕಾಗೆಯ ರೆಕ್ಕೆ ಪಕ್ಕದ ತಂತಿಗೆ ತಾಗಿದರೆ ಸುಟ್ಟು ಬೀಳುವುದನ್ನೂ ನೀವು ನೋಡಿದ್ದೀರಿ.

ಇನ್ನು ಮೈಯಲ್ಲಿ ಎಷ್ಟು ಕರೆಂಟು ಹರಿಯುತ್ತದೆ? ಒಣ ಚರ್ಮ ಕರೆಂಟನ್ನು ಚೆನ್ನಾಗಿ ತಡೆಯುತ್ತದೆ. ಬೆವರಿದ, ನೆನೆದ, ಗಾಯವಾದ ಚರ್ಮ ತಡೆಯುವುದಿಲ್ಲ. ಲೆಕ್ಕಕ್ಕೆ ಅನುಕೂಲವಾಗಲೆಂದು ಎಂಜಿನಿಯರುಗಳು ಮೈಯ ರೋಧವನ್ನು ಸುಮಾರು 1000 ಓಮ್ ಎಂದು ಹಿಡಿಯುತ್ತಾರೆ. 230 ವೋಲ್ಟನ್ನು 1000ದಿಂದ ಭಾಗಿಸಿದರೆ 0.23 ಆಂಪಿಯರ್, ಅಂದರೆ 230 ಮಿಲಿಆಂಪಿಯರ್. ಇದು ದೊಡ್ಡದೋ ಸಣ್ಣದೋ? ಸುಮಾರು 1 ಮಿಲಿಆಂಪಿಯರಿಗೆ ಜುಮ್ಮೆನ್ನುವುದು ತಿಳಿಯುತ್ತದೆ. 10ರ ಆಸುಪಾಸಿಗೆ ಕೈಯ ಸ್ನಾಯುಗಳು ಬಿಗಿದುಕೊಂಡು, ಹಿಡಿದದ್ದನ್ನು ಬಿಡಲು ಆಗದ ಸ್ಥಿತಿ ಬರುತ್ತದೆ. ‘ಕರೆಂಟು ಎಳೆದುಕೊಂಡಿತು’ ಎಂದು ಜನ ಹೇಳುವುದು ಇದನ್ನೇ. ಎಳೆಯುವುದು ಕರೆಂಟಲ್ಲ, ನಮ್ಮದೇ ಮುಷ್ಟಿ. ಇನ್ನೂ ಏರಿದರೆ ಎದೆಯ ಸ್ನಾಯುಗಳು ಬಿಗಿದು ಉಸಿರು ಕಟ್ಟುತ್ತದೆ. ಹತ್ತಾರು ಮಿಲಿಆಂಪಿಯರ್ ಎದೆಯನ್ನು ಹಾದು ಒಂದೆರಡು ಸೆಕೆಂಡು ನಿಂತರೆ ಹೃದಯ ತನ್ನ ಲಯ ತಪ್ಪಿ ಸುಮ್ಮನೆ ಅದುರತೊಡಗುತ್ತದೆ. ವೈದ್ಯರು ಇದನ್ನು ಫಿಬ್ರಿಲೇಶನ್ ಎನ್ನುತ್ತಾರೆ. ಅದುರುವ ಹೃದಯ ರಕ್ತವನ್ನು ಪಂಪು ಮಾಡುವುದಿಲ್ಲ. ನಮ್ಮ ಲೆಕ್ಕದ 230 ಮಿಲಿಆಂಪಿಯರ್ ಈ ಗೆರೆಯನ್ನು ಎಷ್ಟೋ ದಾಟಿದೆ.

ಈ ಅಂಕಿಗಳು ಊಹೆಯಿಂದ ಬಂದವಲ್ಲ. ಅಮೆರಿಕದ ಬರ್ಕ್ಲಿಯಲ್ಲಿ, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಚಾರ್ಲ್ಸ್ ಡಾಲ್ಜಿಯಲ್ ಎಂಬ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಪ್ರಾಧ್ಯಾಪಕರಿದ್ದರು. ತಾವಾಗಿ ಮುಂದೆ ಬಂದ ಗಂಡಸರು ಹೆಂಗಸರ ಕೈಗೆ ತಂತಿ ಕೊಟ್ಟು, ಕರೆಂಟನ್ನು ಮೆಲ್ಲಗೆ ಏರಿಸುತ್ತ, ಯಾವ ಹಂತದವರೆಗೆ ಅವರು ತಂತಿಯನ್ನು ಬಿಡಬಲ್ಲರು ಎಂದು ಡಾಲ್ಜಿಯಲ್ ಅಳೆದರು. ಸರಾಸರಿ ಗಂಡಸರಿಗೆ 16, ಹೆಂಗಸರಿಗೆ 10.5 ಮಿಲಿಆಂಪಿಯರ್ ಸಿಕ್ಕಿತು. ಮಕ್ಕಳಿಗೆ ಇನ್ನೂ ಕಡಿಮೆ ಸಾಕು. ಸಾವಿನ ಗೆರೆ ಎಲ್ಲಿದೆಯೆಂದು ತಿಳಿದ ಮೇಲೆ ಡಾಲ್ಜಿಯಲ್ ಅಷ್ಟಕ್ಕೇ ಬಿಡಲಿಲ್ಲ. ಆ ಗೆರೆ ಮುಟ್ಟುವ ಮೊದಲೇ ಕರೆಂಟು ಕಡಿಯುವ ಸಾಧನವನ್ನು 1961ರ ಹೊತ್ತಿಗೆ ರೂಪಿಸಿದರು. ಅಳತೆಯನ್ನು ಮದ್ದಾಗಿ ಮಾಡಿದ ಅಂಥವರ ಹೆಸರು ನಮ್ಮ ಪಠ್ಯಪುಸ್ತಕಗಳಲ್ಲಿ ಬರಬೇಕು ಎಂಬುದು ನನ್ನ ಬಹುದಿನದ ಆಸೆ.

ಈಗ ಮೀಟರ್ ಬೋರ್ಡಿನ ಹತ್ತಿರ ಹೋಗೋಣ. ಹಳೆಯ ಮನೆಯಾದರೆ ಪಿಂಗಾಣಿಯ ಫ್ಯೂಸ್, ಹೊಸದಾದರೆ ಎಂಸಿಬಿ. ‘ನಮ್ಮಲ್ಲಿ ಎಂಸಿಬಿ ಇದೆ, ಶಾಕ್ ಹೊಡೆದರೆ ತಾನೇ ಟ್ರಿಪ್ ಆಗುತ್ತದೆ’ ಎಂದು ಓದಿದವರೂ ನಂಬಿದ್ದಾರೆ. ಈ ಉಪನ್ಯಾಸದಿಂದ ನೀವು ಒಂದೇ ಒಂದು ಮಾತನ್ನು ಮನೆಗೆ ಒಯ್ಯುವುದಾದರೆ ಇದನ್ನು ಒಯ್ಯಿರಿ: ಎಂಸಿಬಿ ಇರುವುದು ವೈರನ್ನು ಕಾಯಲು. ದೀಪ ಫ್ಯಾನುಗಳ ಸಾಲಿಗೆ 6 ಆಂಪಿಯರಿನ, ಗೀಸರಿಗೆ 16 ಆಂಪಿಯರಿನ ಎಂಸಿಬಿ ಹಾಕಿರುತ್ತಾರೆ. ಅದಕ್ಕಿಂತ ಹೆಚ್ಚು ಕರೆಂಟು ಹರಿದು ವೈರ್ ಬಿಸಿಯಾಗಿ ಬೆಂಕಿ ಹೊತ್ತದಿರಲಿ ಎಂಬುದಷ್ಟೇ ಅದರ ಕೆಲಸ. ಮನುಷ್ಯನ ಮೈಯಲ್ಲಿ ಹರಿಯುವುದು 0.23 ಆಂಪಿಯರ್. 230 ವೋಲ್ಟಿನಿಂದ ಗುಣಿಸಿದರೆ ಸುಮಾರು 53 ವ್ಯಾಟ್. ಎದೆ ಅದುರಿ ಸಾಯುತ್ತಿರುವ ಮನುಷ್ಯ ಎಂಸಿಬಿಯ ಪಾಲಿಗೆ ಆಗತಾನೇ ಹಾಕಿದ ಒಂದು ಬಲ್ಬು. ಅದು ಬೀಳುವುದಿಲ್ಲ, ಬೀಳಲೂ ಸಾಧ್ಯವಿಲ್ಲ.

ಹಾಗಾದರೆ ಅರ್ತಿಂಗ್ ಇದೆಯಲ್ಲ ಎನ್ನುತ್ತೀರಿ. ಒಳ್ಳೆಯ ಪ್ರಶ್ನೆ. ಗ್ರೈಂಡರಿನ ಒಳಗೆ ಫೇಸ್ ವೈರಿನ ಹೊದಿಕೆ ಸವೆದು ಲೋಹದ ಮೈಗೆ ತಗುಲಿತು ಎನ್ನಿ. ಮೂರು ಪಿನ್ನಿನ ಪ್ಲಗ್ಗಿನ ಮೇಲಿನ ದಪ್ಪ ಪಿನ್ ಆ ಮೈಯನ್ನು ಅರ್ತ್ ವೈರಿಗೆ, ಅಲ್ಲಿಂದ ಹಿತ್ತಲಿನ ಅರ್ತ್ ಗುಂಡಿಗೆ ಸೇರಿಸುತ್ತದೆ. ಆ ಪಿನ್ ಉದ್ದವಾಗಿರುವುದೂ ಬೇಕೆಂದೇ: ಚುಚ್ಚುವಾಗ ಎಲ್ಲಕ್ಕಿಂತ ಮೊದಲು ಕೂಡಬೇಕು, ಕೀಳುವಾಗ ಎಲ್ಲಕ್ಕಿಂತ ಕೊನೆಗೆ ಬಿಡಬೇಕು. ಸೋರಿದ ಕರೆಂಟು ಆ ದಾರಿಯಲ್ಲಿ ಧಾರಾಳವಾಗಿ ಹರಿದರೆ ಎಂಸಿಬಿ ಬೀಳುತ್ತದೆ. ‘ಧಾರಾಳವಾಗಿ’ ಎಂಬಲ್ಲೇ ತೊಡಕು. ನಿಮ್ಮ ಗುಂಡಿಯಿಂದ ಟಿಸಿಯವರೆಗಿನ ದಾರಿಯ ಒಟ್ಟು ರೋಧ 5 ಓಮ್ ಇದ್ದರೆ 46 ಆಂಪಿಯರ್ ಹರಿಯುತ್ತದೆ, 16ರ ಎಂಸಿಬಿ ಒಂದು ನಿಮಿಷದೊಳಗೆ ಬೀಳುತ್ತದೆ. ಅದೇ 50 ಓಮ್ ಆದರೆ ಹರಿಯುವುದು 4.6 ಆಂಪಿಯರ್. ಎಂಸಿಬಿ ಅಲುಗುವುದಿಲ್ಲ. ಗ್ರೈಂಡರಿನ ಮೈಯಲ್ಲಿ ಕರೆಂಟು ಹಾಗೇ ಕೂತಿರುತ್ತದೆ, ಮೀಟರೂ ಓಡುತ್ತಿರುತ್ತದೆ. ಕೋಲಾರ, ಚಿತ್ರದುರ್ಗ, ರಾಯಚೂರಿನ ಕಡೆಯ ಕಲ್ಲುನೆಲದಲ್ಲಿ ಬೇಸಿಗೆಯ ಗುಂಡಿಗೆ 50 ಓಮ್ ಏನೇನೂ ಹೆಚ್ಚಲ್ಲ. ಎರಡೂವರೆ ಮೀಟರ್ ಪೈಪು ಹೂಳಿ, ಉಪ್ಪು ಇದ್ದಿಲು ತುಂಬಿ, ಮೇಲೆ ನೀರು ಹಾಕಲು ಬಾಯಿ ಬಿಟ್ಟ ಗುಂಡಿ ಗೃಹಪ್ರವೇಶದ ದಿನ ಚೆನ್ನಾಗಿಯೇ ಇರುತ್ತದೆ. ಆಮೇಲೆ ಅದರ ಮೇಲೆ ಟೈಲ್ಸ್ ಬೀಳುತ್ತದೆ. ನೀರು ಹಾಕುವವರು ಯಾರೂ ಇಲ್ಲ.

ಇನ್ನೂ ಎಷ್ಟೋ ಮನೆಗಳಲ್ಲಿ ಗುಂಡಿಯೇ ಇಲ್ಲ. ಸಾಕೆಟ್ಟಿನ ಒಳಗೆ ಅರ್ತ್ ತೂತಿನಿಂದ ನ್ಯೂಟ್ರಲ್ಲಿಗೆ ಒಂದು ತುಂಡು ವೈರ್ ಜೋಡಿಸಿ ‘ಅರ್ತ್ ಕೊಟ್ಟಿದ್ದೇನೆ’ ಎನ್ನುವ ಕೆಲಸಗಾರರಿದ್ದಾರೆ. ಇದು ಅರ್ತ್ ಇಲ್ಲದಿರುವುದಕ್ಕಿಂತ ಕೆಟ್ಟದ್ದು. ಎಲ್ಲಾದರೂ ನ್ಯೂಟ್ರಲ್ ಕಳಚಿದರೆ ಮನೆಯಲ್ಲಿ ಉರಿಯುತ್ತಿರುವ ಬಲ್ಬಿನ ಮೂಲಕ ಬಂದ ಫೇಸ್ ಫ್ರಿಜ್ಜಿನ ಬಾಗಿಲಿಗೆ, ವಾಷಿಂಗ್ ಮಷೀನಿನ ಮೈಗೆ ಇಳಿಯುತ್ತದೆ. ಯಾವ ಸಾಧನವೂ ಕೆಟ್ಟಿರುವುದಿಲ್ಲ, ಮನೆಯೆಲ್ಲ ಶಾಕ್ ಹೊಡೆಯುತ್ತಿರುತ್ತದೆ. ನಿಮ್ಮ ಮನೆಯಲ್ಲಿ ಇಂಥದ್ದನ್ನು ಯಾರಾದರೂ ಮಾಡಿದ್ದರೆ ಇವತ್ತೇ ತೆಗೆಸಿ ಎಂದು ಕೈಮುಗಿದು ಕೇಳುತ್ತೇನೆ.

ಡಾಲ್ಜಿಯಲ್ ರೂಪಿಸಿದಂಥ ಸಾಧನಕ್ಕೆ ನಮ್ಮ ಅಂಗಡಿಗಳಲ್ಲಿ ಆರ್‌ಸಿಸಿಬಿ ಎಂಬ ಹೆಸರಿದೆ. ಹಳಬರು ಈಗಲೂ ಇಎಲ್‌ಸಿಬಿ ಎನ್ನುತ್ತಾರೆ. ಬೆಳಿಗ್ಗೆ ಹಟ್ಟಿಯಿಂದ ಹೊರಡುವ ಕುರಿಗಳನ್ನು ಎಣಿಸಿ, ಸಂಜೆ ಮರಳಿದವನ್ನು ಮತ್ತೆ ಎಣಿಸುವ ಕುರುಬನ ಹಾಗೆ ಅದು ಫೇಸಿನಲ್ಲಿ ಹೋದ ಕರೆಂಟನ್ನೂ ನ್ಯೂಟ್ರಲ್ಲಿನಲ್ಲಿ ಮರಳಿದ ಕರೆಂಟನ್ನೂ ಸದಾ ಸರಿತೂಗಿಸುತ್ತಿರುತ್ತದೆ. ಹೋದದ್ದು ಬಂದದ್ದು ಸಮವಾಗಿದ್ದರೆ ಸುಮ್ಮನಿರುತ್ತದೆ. ಮರಳಿದ್ದರಲ್ಲಿ 30 ಮಿಲಿಆಂಪಿಯರ್ ಕಡಿಮೆ ಬಿದ್ದರೆ, ಅಷ್ಟು ಕರೆಂಟು ಯಾರದೋ ಮೈಯ ಮೂಲಕವೋ ಒದ್ದೆ ಗೋಡೆಯ ಮೂಲಕವೋ ನೆಲಕ್ಕೆ ಹೋಗುತ್ತಿದೆ ಎಂದೇ ಅರ್ಥ. ಕೂಡಲೇ ಮನೆಯ ಕರೆಂಟನ್ನೆಲ್ಲ ಕಡಿಯುತ್ತದೆ. 30 ಮಿಲಿಆಂಪಿಯರಿಗೆ 0.3 ಸೆಕೆಂಡಿನೊಳಗೆ, ಸೋರಿಕೆ ಅದರ ಐದು ಪಟ್ಟಾದರೆ 0.04 ಸೆಕೆಂಡಿನೊಳಗೆ ಬೀಳಬೇಕು ಎಂಬುದು ಅದರ ಮಾನಕ. ನಮ್ಮ ಹೃದಯದ ಒಂದು ಬಡಿತಕ್ಕೆ ಸುಮಾರು 0.8 ಸೆಕೆಂಡು. ಅಂದರೆ ಹೃದಯ ಒಂದು ಸಲ ಬಡಿದು ಮುಗಿಸುವ ಮೊದಲೇ ಕರೆಂಟು ಹೋಗಿರುತ್ತದೆ. ಶಾಕ್ ಹೊಡೆದದ್ದು ತಿಳಿಯುತ್ತದೆ, ಬೆಚ್ಚಿಬೀಳುತ್ತೀರಿ, ಬದುಕಿರುತ್ತೀರಿ. ಹಿತ್ತಲಿನ ಬಟ್ಟೆಯ ತಂತಿಗೆ ಕರೆಂಟು ಬಂದದ್ದು ಈ ಸಾಧನದ ನಂತರದ ವೈರಿನಿಂದಾಗಿದ್ದರೆ ಆ ಮೂವರೂ ಉಳಿಯುತ್ತಿದ್ದರು. ಮೀಟರಿಗಿಂತ ಮೊದಲಿನ ಸರ್ವಿಸ್ ವೈರಿನಿಂದ ಬಂದಿದ್ದರೆ ಉಳಿಯುತ್ತಿರಲಿಲ್ಲ. ಅದಕ್ಕೇ ಹೇಳುವುದು, ಬಟ್ಟೆ ಒಣಹಾಕಲು ನೈಲಾನ್ ಹಗ್ಗವನ್ನೇ ಕಟ್ಟಿ. ಲೋಹದ ತಂತಿ ಬೇಡವೇ ಬೇಡ.

ಆರ್‌ಸಿಸಿಬಿಗೂ ಮಿತಿಗಳಿವೆ, ಮುಚ್ಚಿಡುವುದಿಲ್ಲ. ಒಂದು ಕೈಯಲ್ಲಿ ಫೇಸ್, ಇನ್ನೊಂದರಲ್ಲಿ ನ್ಯೂಟ್ರಲ್ ಹಿಡಿದು ಒಣ ಮರದ ಮಣೆಯ ಮೇಲೆ ನಿಂತವನನ್ನು ಅದು ಬಲ್ಬು ಎಂದೇ ಭಾವಿಸುತ್ತದೆ. ಓವರ್‌ಲೋಡನ್ನೂ ಅದು ನೋಡುವುದಿಲ್ಲ, ಅದಕ್ಕೆ ಎಂಸಿಬಿ ಇರಲೇಬೇಕು. ಅದರ ಮೈಮೇಲೆ ‘ಟಿ’ ಎಂದು ಬರೆದ ಒಂದು ಗುಂಡಿ ಇರುತ್ತದೆ. ತಿಂಗಳಿಗೊಮ್ಮೆ ಒತ್ತಬೇಕು, ಒತ್ತಿದ ಕೂಡಲೇ ಬೀಳಬೇಕು. ವರ್ಷಗಟ್ಟಲೆ ಮುಟ್ಟದಿದ್ದರೆ ಒಳಗಿನ ಕೀಲು ಅಂಟಿಕೊಳ್ಳುವುದುಂಟು.

ದೊಡ್ಡ ತೊಂದರೆ ಬೇರೆ ಇದೆ. ‘ಪದೇಪದೇ ಬೀಳುತ್ತೆ ಸಾರ್, ತೆಗೆದುಬಿಡ್ತೀನಿ’ ಎಂದು ಹೇಳಿ ಅದನ್ನು ಬೈಪಾಸ್ ಮಾಡುವ ರೂಢಿ ಊರೂರಲ್ಲಿದೆ. ಹೀಗೆ ಬೀಳಲು ಸಾಮಾನ್ಯ ಕಾರಣ ಯುಪಿಎಸ್. ಮನೆಗೆ ಯುಪಿಎಸ್ ಜೋಡಿಸುವಾಗ ಅದರ ನ್ಯೂಟ್ರಲ್ಲನ್ನು ಮನೆಯ ನ್ಯೂಟ್ರಲ್ಲಿನ ಜೊತೆ ಬೆರೆಸಿದರೆ ಒಂದು ದಾರಿಯಲ್ಲಿ ಹೋದ ಕರೆಂಟು ಇನ್ನೊಂದು ದಾರಿಯಲ್ಲಿ ಮರಳುತ್ತದೆ, ಲೆಕ್ಕ ತಪ್ಪುತ್ತದೆ, ಆರ್‌ಸಿಸಿಬಿ ಬೀಳುತ್ತದೆ. ಯುಪಿಎಸ್ ಸಾಲಿನ ನ್ಯೂಟ್ರಲ್ಲನ್ನು ಬೇರೆ ಮಾಡಿದರೆ ಸರಿಹೋಗುತ್ತದೆ. ಅದು ಅರ್ಧ ದಿನದ ಕೆಲಸ. ಇನ್ನೊಂದು ಕಾರಣ, ನಿಜವಾಗಿಯೂ ಸೋರಿಕೆ ಇರುವುದು: ನೀರು ಕಾಯಿಸುವ ಕಾಯಿಲ್ ಬಿರುಕು ಬಿಟ್ಟಿರಬಹುದು, ಬಾತ್‌ರೂಮಿನ ಗೋಡೆಯೊಳಗೆ ವೈರ್ ನೆನೆದಿರಬಹುದು. ಆಗ ಅದು ಬೀಳುತ್ತಿರುವುದು ನಿಮ್ಮನ್ನು ಉಳಿಸಲು. ನಲ್ಲಿ ಮುಟ್ಟಿದರೆ ಜುಮ್ಮೆನ್ನುತ್ತದೆ ಎಂದು ಮಕ್ಕಳಿಗೆ ಚಪ್ಪಲಿ ಹಾಕಿಸಿ ಸುಮ್ಮನಾಗುವ ಮನೆಗಳನ್ನು ನೀವೂ ಬಲ್ಲಿರಿ. ಆ ಜುಮ್ಮು ಮುನ್ನೆಚ್ಚರಿಕೆ. ಅದಕ್ಕೆ ಮದ್ದು ಚಪ್ಪಲಿಯಲ್ಲಿಲ್ಲ.

ಕಾನೂನು ಈ ಬಗ್ಗೆ ಏನೆಂದಿತ್ತು? ಕೇಂದ್ರ ವಿದ್ಯುತ್ ಪ್ರಾಧಿಕಾರ 2010ರಲ್ಲಿ ಹೊರಡಿಸಿದ, 2023ರವರೆಗೆ ಜಾರಿಯಲ್ಲಿದ್ದ ಸುರಕ್ಷಾ ನಿಯಮಗಳು ಸೋರಿಕೆ ತಡೆಯುವ ಸಾಧನ ಕಡ್ಡಾಯವೆಂದವು. ಆದರೆ 5 ಕಿಲೋವ್ಯಾಟಿಗಿಂತ ಕಡಿಮೆ ಹೊರೆಯ ಮನೆಗಳನ್ನು ಆ ಕಡ್ಡಾಯದಿಂದ ಹೊರಗಿಟ್ಟವು. ಇದನ್ನು ಯೋಚಿಸಿ ನೋಡಿ. ಅಷ್ಟು ಹೊರೆ ಇರುವುದು ಹವಾನಿಯಂತ್ರಕ, ಎರಡು ಗೀಸರ್ ಇರುವ ಮನೆಗೆ. ಅಲ್ಲಿ ನೆಲಕ್ಕೆ ಟೈಲ್ಸ್, ಕಾಲಿಗೆ ಚಪ್ಪಲಿ, ಗೋಡೆಯೊಳಗೆ ಪೈಪಿನಲ್ಲಿ ವೈರ್. ಭಾಗ್ಯಜ್ಯೋತಿ ಸಂಪರ್ಕದ ಮನೆಗೆ ಬನ್ನಿ. ಒಂದು ಬಲ್ಬಿಗೆಂದು ಕೊಟ್ಟ ಸಂಪರ್ಕಕ್ಕೆ ಈಗ ಟಿವಿ, ಟೇಬಲ್ ಫ್ಯಾನ್, ಮಿಕ್ಸಿ, ಮೊಬೈಲ್ ಚಾರ್ಜರ್ ಎಲ್ಲ ನೇತುಬಿದ್ದಿರುತ್ತವೆ. ಮಣ್ಣಿನ ನೆಲ, ತಗಡಿನ ಸೂರು, ಬರಿಗಾಲು, ಮಳೆಗೆ ನೆನೆಯುವ ಗೋಡೆ, ಎರಡು ಪಿನ್ನಿನ ಪ್ಲಗ್ಗು. ಸಾವು ಎಲ್ಲಿ ಹೆಚ್ಚು ಹತ್ತಿರವಿದೆಯೋ ಅಲ್ಲಿಗೆ ರಕ್ಷಣೆಯನ್ನು ನಾವು ಒಯ್ಯಲಿಲ್ಲ. ಶಿವನಸಮುದ್ರದಲ್ಲಿ 1902ರಲ್ಲಿ ಕರೆಂಟು ತಯಾರಿಸಿ ಕೋಲಾರದ ಚಿನ್ನದ ಗಣಿಯವರೆಗೆ ತಂತಿ ಎಳೆದ ನಾಡು ನಮ್ಮದು. ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಹೊತ್ತಿದ್ದು 1905ರಲ್ಲಿ. ಶತಮಾನ ದಾಟಿದ ಮೇಲೂ ಬಡವನ ಮನೆಗೆ ಕರೆಂಟು ಮಾತ್ರ ಹೋಗಿದೆ, ಅದರಿಂದ ಕಾಪಾಡುವ ಸಾಧನ ಹೋಗಿಲ್ಲ. ಇದನ್ನು ಅನ್ಯಾಯ ಎನ್ನದೆ ಬೇರೆ ಏನನ್ನಲಿ?

ಮನೆಯಲ್ಲಿ ತಾವೇ ವೈರ್ ಕೆಲಸ ಮಾಡಿಕೊಳ್ಳುವವರಿಗೆ ಬಣ್ಣದ ಬಗ್ಗೆ ಒಂದು ಮಾತು. ಮನೆಯ ವೈರಿಂಗಿನಲ್ಲಿ ಕಪ್ಪು ನ್ಯೂಟ್ರಲ್, ಹಸಿರು ಅರ್ತ್; ಕೆಂಪು, ಹಳದಿ, ನೀಲಿ ಮೂರೂ ಫೇಸ್. ಸಾಧನಗಳ ಜೊತೆ ಬರುವ ಕೇಬಲ್ಲಿನಲ್ಲಿ ಕಂದು ಫೇಸ್, ನೀಲಿ ನ್ಯೂಟ್ರಲ್, ಹಸಿರು ಹಳದಿ ಪಟ್ಟೆಯದು ಅರ್ತ್. ಒಂದು ಕಡೆ ಫೇಸ್ ಆಗಿರುವ ನೀಲಿ ಇನ್ನೊಂದು ಕಡೆ ನ್ಯೂಟ್ರಲ್. ಬಣ್ಣ ನಂಬಿ ಕೈ ಹಾಕಬೇಡಿ. ಸ್ವಿಚ್ ಯಾವಾಗಲೂ ಫೇಸ್ ತಂತಿಯ ಮೇಲೇ ಇರಬೇಕು. ನ್ಯೂಟ್ರಲ್ ಮೇಲಿದ್ದರೆ ಸ್ವಿಚ್ ಆಫ್ ಮಾಡಿದಾಗ ದೀಪ ಆರುತ್ತದೆ, ಹೋಲ್ಡರಿನಲ್ಲಿ ಕರೆಂಟು ಉಳಿದಿರುತ್ತದೆ. ಬಲ್ಬು ಬದಲಿಸುವಾಗ ಶಾಕ್ ಹೊಡೆಯುವುದು ಹೀಗೆ. ಬಕೆಟ್ಟಿನಲ್ಲಿ ಕಾಯಿಲ್ ಇಟ್ಟವರು ನೀರು ಕಾದಿದೆಯೇ ಎಂದು ಬೆರಳದ್ದುವ ಮೊದಲು ಪ್ಲಗ್ಗನ್ನೇ ಕಿತ್ತಿಡಲಿ. ಸಂಪು ತೊಳೆಯಲು ಇಳಿಯುವವರು ಒಳಗಿನ ಮೋಟಾರಿನ ಕರೆಂಟು ಮೇನ್‌ನಲ್ಲೇ ತೆಗೆಯಲಿ.

ಮನೆಯ ಹೊರಗೆ ಬಂದರೆ ಆರ್‌ಸಿಸಿಬಿ ನಮ್ಮ ಜೊತೆ ಬರುವುದಿಲ್ಲ. 2023ರ ನವೆಂಬರ್ 19ರ ಬೆಳಗಿನ ಜಾವ, ಬೆಂಗಳೂರಿನ ಕಾಡುಗೋಡಿಯ ಹೋಪ್‌ಫಾರ್ಮ್ ಸಿಗ್ನಲ್ ಬಳಿ ಫುಟ್‌ಪಾತಿನ ಮೇಲೆ ಬಿದ್ದಿದ್ದ ತಂತಿಯನ್ನು ಕತ್ತಲಲ್ಲಿ ತುಳಿದ ಯುವ ತಾಯಿ ಮತ್ತು ಆಕೆಯ ತೋಳಲ್ಲಿದ್ದ ಒಂಬತ್ತು ತಿಂಗಳ ಹೆಣ್ಣುಮಗು ತೀರಿಕೊಂಡರು. ತಂತಿ ಕಡಿದು ಬಿದ್ದ ಮೇಲೆ ಸಬ್‌ಸ್ಟೇಶನ್ನಿನಲ್ಲಿ ಲೈನ್ ತಾನಾಗಿ ಟ್ರಿಪ್ ಆಗಬೇಕಲ್ಲವೇ ಎಂದು ಜನ ಕೇಳುತ್ತಾರೆ. ಆಗಬೇಕು. ಆದರೆ ಒಣ ಕಾಂಕ್ರೀಟು, ಡಾಂಬರಿನ ಮೇಲೆ ಬಿದ್ದ ತಂತಿಯಿಂದ ನೆಲಕ್ಕೆ ಹರಿಯುವ ಕರೆಂಟು ಎಷ್ಟೋ ಸಲ ಬಹಳ ಕಡಿಮೆ. ಸಬ್‌ಸ್ಟೇಶನ್ನಿನ ರಿಲೇಗೆ ಅದು ಒಂದು ಪಂಪ್‌ಸೆಟ್ಟಿನ ಹೊರೆಗಿಂತ ಬೇರೆಯಾಗಿ ಕಾಣುವುದಿಲ್ಲ. ಆದ್ದರಿಂದ ನೆಲಕ್ಕೆ ಬಿದ್ದ ಯಾವ ತಂತಿಯನ್ನೂ ಸತ್ತದ್ದೆಂದು ಎಣಿಸಬೇಡಿ. ಹತ್ತಿರದಲ್ಲೇ ನಿಂತಿದ್ದರೆ ದೊಡ್ಡ ಹೆಜ್ಜೆ ಹಾಕಿ ಓಡಬೇಡಿ. ತಂತಿ ಬಿದ್ದ ಜಾಗದಿಂದ ದೂರ ಹೋದಂತೆ ನೆಲದ ವೋಲ್ಟೇಜ್ ಇಳಿಯುತ್ತ ಹೋಗುತ್ತದೆ. ಎರಡು ಕಾಲು ದೂರದೂರ ಇದ್ದಷ್ಟೂ ಅವುಗಳ ನಡುವಿನ ವ್ಯತ್ಯಾಸ ಹೆಚ್ಚು. ಕಾಲು ಜೋಡಿಸಿಕೊಂಡು, ಪಾದವನ್ನು ನೆಲದಿಂದ ಎತ್ತದೆ ಜರುಗುತ್ತ ಆಚೆ ಬನ್ನಿ. ಇಂಥ ಕಡೆ ಮನುಷ್ಯ ಉಳಿದು ದನ ಸಾಯುವುದಕ್ಕೂ ಕಾರಣ ಇದೇ. ಅದರ ಮುಂಗಾಲಿಗೂ ಹಿಂಗಾಲಿಗೂ ಬಹಳ ಅಂತರ. ಬೇರೆಯವರು ಹತ್ತಿರ ಬರದಂತೆ ತಡೆದು 1912ಕ್ಕೆ ಕರೆಮಾಡಿ.

ಮತ್ತೊಂದು ಘಟನೆ. 2024ರ ಜನವರಿ 8ರಂದು ಗದಗ ಜಿಲ್ಲೆಯ ಸೂರಣಗಿಯಲ್ಲಿ ಚಿತ್ರನಟರೊಬ್ಬರ ಹುಟ್ಟುಹಬ್ಬಕ್ಕೆ ದೊಡ್ಡ ಬ್ಯಾನರ್ ನಿಲ್ಲಿಸಲು ಹೋದ ಮೂವರು ಯುವಕರು ತಂತಿ ತಗುಲಿ ಸತ್ತರು. ಬ್ಯಾನರಿನ ಲೋಹದ ಚೌಕಟ್ಟು, ತೇರಿನ ಕಳಸ, ಬೋರ್‌ವೆಲ್‌ನಿಂದ ಎತ್ತುವ ಪೈಪು, ಮಾವಿನಕಾಯಿ ಕೀಳುವ ಕಬ್ಬಿಣದ ಗಳ, ಇವೆಲ್ಲ ಕೈಯನ್ನು ತಂತಿಯವರೆಗೆ ಉದ್ದ ಮಾಡುತ್ತವೆ. 11 ಸಾವಿರ ವೋಲ್ಟಿನ ಮಾರ್ಗಕ್ಕೂ ಕಟ್ಟಡಕ್ಕೂ ಅಡ್ಡಲಾಗಿ ಕನಿಷ್ಠ 1.2 ಮೀಟರ್, ಚಾವಣಿಯಿಂದ ಮೇಲಕ್ಕೆ 3.7 ಮೀಟರ್ ಅಂತರ ಇರಬೇಕೆಂದು ನಿಯಮವಿದೆ. ಲೈನಿನ ಕೆಳಗೇ ಎರಡನೇ ಮಹಡಿ ಎಬ್ಬಿಸುವವರು ಆ ಅಂತರವನ್ನು ತಾವೇ ತಿಂದುಹಾಕುತ್ತಾರೆ.

ಹೊಲದ ಸ್ಥಿತಿ ಇನ್ನೂ ಕಠಿಣ. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕೊಡುವುದು ಬಹಳ ಸಲ ರಾತ್ರಿ. ಒದ್ದೆ ನೆಲ, ಬರಿಗಾಲು, ಮುಚ್ಚಳ ಕಳಚಿದ ಸ್ಟಾರ್ಟರ್ ಡಬ್ಬ, 400 ವೋಲ್ಟ್. ಫ್ಯೂಸ್ ಹೋದರೆ ಯಾರೂ ಬರುವುದಿಲ್ಲವೆಂದು ರೈತನೇ ಟಿಸಿ ಹತ್ತುತ್ತಾನೆ. ರೈತನನ್ನು ಬೈಯುವುದು ಸುಲಭ. ಬೆಳೆ ಒಣಗುವಾಗ ಅವನಿಗೆ ಬೇರೆ ದಾರಿ ಇರಲಿಲ್ಲ ಎಂಬುದನ್ನೂ ಹೇಳಬೇಕು. ಹಗಲು ಹೊತ್ತಿನ ತ್ರೀ ಫೇಸ್ ಕೇಳುವುದು ಸೌಕರ್ಯದ ಬೇಡಿಕೆಯಲ್ಲ, ಜೀವದ ಬೇಡಿಕೆ. ಆದರೆ ಕಾಡುಹಂದಿಗೆಂದು ಬೇಲಿಗೆ ನೇರವಾಗಿ ಕರೆಂಟು ಬಿಡುವುದನ್ನು ನಾನು ಯಾವ ಕಾರಣಕ್ಕೂ ಸಮರ್ಥಿಸಲಾರೆ. ಪಕ್ಕದ ಹೊಲದವನೂ, ಆನೆಯೂ, ಬೇಲಿ ಕಟ್ಟಿದವನ ಮನೆಯವರೂ ಅದಕ್ಕೆ ಬಲಿಯಾಗಿದ್ದಾರೆ. ಸೋಲಾರ್ ಬೇಲಿಯಲ್ಲಿ ಸಾವಿರಾರು ವೋಲ್ಟ್ ಇದ್ದರೂ ಅದು ಕೊಲ್ಲದಿರುವುದಕ್ಕೆ ಕಾರಣ ಅದರ ಯಂತ್ರ ಸೆಕೆಂಡಿಗೊಮ್ಮೆ, ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಕಡಿಮೆ ಹೊತ್ತು, ಅಳತೆಯಿಟ್ಟು ಏಟು ಕೊಡುತ್ತದೆ. ಲೈನಿನಿಂದ ಎಳೆದ ಕರೆಂಟಿಗೆ ಆ ಅಳತೆ ಇಲ್ಲ.

ಕಂಬ ಹತ್ತುವ ಮಾರ್ಗದಾಳುಗಳನ್ನು ನೆನೆಯದೆ ಮುಂದೆ ಹೋಗಲಾರೆ. ಲೈನ್ ಕ್ಲಿಯರ್ ತೆಗೆದುಕೊಂಡು, ಕರೆಂಟು ಇಲ್ಲವೆಂದು ನಂಬಿ ಹತ್ತಿದ ಹುಡುಗನಿಗೆ ಯಾವುದೋ ಮನೆಯ ಜನರೇಟರಿನಿಂದ ಹಿಂದಕ್ಕೆ ಹರಿದ ಕರೆಂಟು ಹೊಡೆದೀತು. ಟಿಸಿ ಅದನ್ನು 11 ಸಾವಿರ ವೋಲ್ಟಿಗೆ ಏರಿಸಿಬಿಡುತ್ತದೆ. ಜನರೇಟರ್ ಇರುವವರು ಚೇಂಜ್‌ಓವರ್ ಸ್ವಿಚ್ ಇಲ್ಲದೆ ಅದನ್ನು ಮನೆಯ ಸಾಲಿಗೆ ಜೋಡಿಸಬಾರದು.

ಎದೆ ಒತ್ತಿ ಜೀವ ಉಳಿಸುವ ವಿಧಾನ ಹುಟ್ಟಿದ್ದೂ ಮಾರ್ಗದಾಳುಗಳ ಸಾವಿನಿಂದಲೇ. ಅಮೆರಿಕದ ವಿದ್ಯುತ್ ಕಂಪನಿಗಳು ತಮ್ಮ ಲೈನ್‌ಮನ್‌ಗಳು ಸಾಯುತ್ತಿರುವುದನ್ನು ಕಂಡು ಸಂಶೋಧನೆಗೆ ಹಣ ಕೊಟ್ಟವು. ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ವಿಲಿಯಂ ಕೌವೆನ್‌ಹೋವೆನ್, ವೃತ್ತಿಯಿಂದ ಎಲೆಕ್ಟ್ರಿಕಲ್ ಎಂಜಿನಿಯರ್, ದಶಕಗಳ ಕಾಲ ಆ ಕೆಲಸದಲ್ಲಿ ತೊಡಗಿದರು. ಪ್ರಯೋಗದ ನಾಯಿಯ ಎದೆಗೆ ವಿದ್ಯುತ್ ಹಲಗೆಗಳನ್ನು ಒತ್ತಿ ಹಿಡಿದಾಗ, ಕರೆಂಟು ಕೊಡುವ ಮೊದಲೇ ರಕ್ತದೊತ್ತಡ ಏರುವುದನ್ನು ಅವರ ಜೊತೆಗಿದ್ದ ಗೈ ನಿಕರ್‌ಬಾಕರ್ ಗಮನಿಸಿದರು. ಒತ್ತಿದ್ದರಿಂದಲೇ ರಕ್ತ ಹರಿದಿತ್ತು. ಶಸ್ತ್ರವೈದ್ಯ ಜೇಮ್ಸ್ ಜೂಡ್ ಜೊತೆ ಸೇರಿ ಮೂವರೂ 1960ರಲ್ಲಿ ಇದನ್ನು ಪ್ರಕಟಿಸಿದರು. ಬರಿಗೈಯಿಂದ ಯಾರು ಬೇಕಾದರೂ ಮಾಡಬಹುದಾದ ಚಿಕಿತ್ಸೆ ಅದು.

ನಮ್ಮಲ್ಲಿ ಕರೆಂಟು ಹೊಡೆದು ಬಿದ್ದವರ ಅಂಗಾಲು ಅಂಗೈ ಉಜ್ಜುತ್ತಾರೆ, ನೀರು ಕುಡಿಸಲು ನೋಡುತ್ತಾರೆ, ಮೈಯಲ್ಲಿ ಕರೆಂಟು ಉಳಿದಿದೆಯೆಂದು ಮುಟ್ಟಲು ಹೆದರುತ್ತಾರೆ. ತಂತಿಯಿಂದ ಬೇರೆಯಾದ ಮೈಯಲ್ಲಿ ಕರೆಂಟು ಉಳಿಯುವುದಿಲ್ಲ. ಮೊದಲು ಮೇನ್ ಆಫ್ ಮಾಡಿ. ಆಗದಿದ್ದರೆ ಒಣ ಕಟ್ಟಿಗೆ, ಪ್ಲಾಸ್ಟಿಕ್ ಕುರ್ಚಿಯಿಂದ ದೂಡಿ ಬಿಡಿಸಿ. ಇದು ಮನೆಯ ಕರೆಂಟಿಗೆ ಮಾತ್ರ. 11 ಸಾವಿರ ವೋಲ್ಟಿನ ಹತ್ತಿರ ಕಟ್ಟಿಗೆಯನ್ನೂ ನಂಬಬೇಡಿ, ಲೈನ್ ಆಫ್ ಆಗುವವರೆಗೆ ಹೋಗಲೇಬೇಡಿ. ಬಿಡಿಸಿದ ಮೇಲೆ ಎಚ್ಚರವಿಲ್ಲ, ಸರಿಯಾದ ಉಸಿರಿಲ್ಲ ಎಂದಾದರೆ ಒಬ್ಬರು 108ಕ್ಕೆ ಕರೆಮಾಡಲಿ, ಇನ್ನೊಬ್ಬರು ಎದೆಯ ನಡುವೆ ಎರಡೂ ಅಂಗೈ ಒಂದರ ಮೇಲೊಂದಿಟ್ಟು ಒತ್ತಲಿ. ಎರಡು ಇಂಚು ಆಳ, ನಿಮಿಷಕ್ಕೆ 100ರಿಂದ 120 ಸಲ, ಆಂಬುಲೆನ್ಸ್ ಬರುವವರೆಗೆ ಬಿಡದೆ. ಎದ್ದು ಕೂತು ‘ಏನೂ ಆಗಿಲ್ಲ’ ಎಂದವರನ್ನೂ ಆಸ್ಪತ್ರೆಗೆ ಕರೆದೊಯ್ದು ಇಸಿಜಿ ಮಾಡಿಸಿ. ಹೊರಗೆ ಸಣ್ಣ ಸುಟ್ಟ ಗುರುತಿದ್ದರೂ ಒಳಗೆ ದೊಡ್ಡ ಗಾಯವಿರಬಹುದು.

ಕೊನೆಗೆ ಎರಡು ಬೇಡಿಕೆ. ಮೊದಲನೆಯದು ಸರ್ಕಾರಕ್ಕೆ ಮತ್ತು ವಿದ್ಯುತ್ ಸರಬರಾಜು ಕಂಪನಿಗಳಿಗೆ: ಭಾಗ್ಯಜ್ಯೋತಿಯಿಂದ ಹಿಡಿದು ಪ್ರತಿಯೊಂದು ಮನೆಯ ಮೀಟರಿನ ಪಕ್ಕ 30 ಮಿಲಿಆಂಪಿಯರಿನ ಆರ್‌ಸಿಸಿಬಿಯನ್ನು ನೀವೇ ಹಾಕಿಕೊಡಿ. ಗೃಹಜ್ಯೋತಿಯಲ್ಲಿ ತಿಂಗಳಿಗೆ 200 ಯೂನಿಟ್‌ವರೆಗೆ ಉಚಿತವಾಗಿ ಕೊಡುತ್ತಿರುವ ಸರ್ಕಾರಕ್ಕೆ ಮನೆಗೊಂದು ಸಾಧನ, ಅದೂ ಒಂದೇ ಸಲ, ಭಾರವಾಗದು. ಎರಡನೆಯದು ನಿಮಗೆ. ಇವತ್ತು ರಾತ್ರಿ ಮಲಗುವ ಮೊದಲು ಮೀಟರ್ ಬೋರ್ಡು ತೆರೆದು ನೋಡಿ. ‘ಟಿ’ ಗುಂಡಿ ಇದ್ದರೆ ಒತ್ತಿ. ಬೀಳದಿದ್ದರೆ, ಅಥವಾ ಗುಂಡಿಯೇ ಇಲ್ಲದಿದ್ದರೆ, ನಾಳೆ ಬೆಳಿಗ್ಗೆ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನನ್ನು ಕರೆಸಿ, ಹಾಕಿಸಿ.